ಯೋಗಾನಂದ ಕೊಡ ಒದ್ದ ಪ್ರಸಂಗ

ಯಲಹಂಕದ ಹಳೇ ಬಡಾವಣೆಯೊಂದರ ನಾಲ್ಕನೇ ಅಡ್ಡರಸ್ತೆಯ ಯೋಗಾನಂದ ಐವತ್ತಮೂರು ವರ್ಷ ಯಾರ ಮೇಲೂ ಕೈ ಎತ್ತಿದವನಲ್ಲ. ಕಾಲೆತ್ತುವ ಮಾತಂತೂ ದೂರವೇ ಉಳಿಯಿತು. ಗೇಟಿನ ಮುಂದೆ ಮಲಗಿದ ಬೀದಿನಾಯಿಗೂ "ಒಂಚೂರು ಸರ್ಕೊಳಪ್ಪ, ಕೆಲಸಕ್ಕೆ ಟೈಮಾಯ್ತು" ಎಂದು ಹೇಳಿ, ಅದು ಮೈಮುರಿದು ಏಳುವವರೆಗೆ ಸ್ಕೂಟರ್ ಹಿಡಿದುಕೊಂಡು ಕಾಯುವ ಆಸಾಮಿ. ಅಂಥವನು ಒಂದು ಭಾನುವಾರ ಸಂಜೆ, ಇಡೀ ರಸ್ತೆಯ ಜನ ಕಣ್ಣರಳಿಸಿ ನೋಡುತ್ತಿರುವಾಗ, ಬಾವಿಕಟ್ಟೆಯ ಮೇಲೆ ನಿಂತ ಹೆಣ್ಣುಮಗಳೊಬ್ಬಳ ನೀರಿನ ಕೊಡವನ್ನು ಒದ್ದು ಉರುಳಿಸಿದ. ಒದ್ದಿದ್ದು ಟೀವಿಯಲ್ಲಿ. ಆದರೆ ಟೀವಿಯಲ್ಲಿ ಒದೆಯುವುದೇ ಬೇರೆ, ನಿಜವಾಗಿ ಒದೆಯುವುದೇ ಬೇರೆ ಎಂದು ನೆರೆಹೊರೆಗೆ ತಿಳಿಹೇಳುವುದು ಎಂಥ ಕೆಲಸ ಎನ್ನುವುದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ಅವನ ಬಾಯಿಂದ ದಿನಕ್ಕೆ ನೂರು ಸಲ ಬರುವ ಒಂದು ಪದ. ಯೋಗಾನಂದನ ಕೆಲಸ ಗ್ಯಾಸ್ ಏಜೆನ್ಸಿಯ ಕೌಂಟರಿನಲ್ಲಿ. ಸಿಲಿಂಡರ್ ಕೇಳಿಕೊಂಡು ಬಂದವರಿಗೆಲ್ಲ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ "ಆಗಲ್ಲ" ಅನ್ನುವುದು, ಆಮೇಲೆ "ನಾಳೆ ನೋಡೋಣ" ಅನ್ನುವುದು, ಇದೇ ಅವನ ಇಪ್ಪತ್ತೆರಡು ವರ್ಷದ ಸೇವೆಯ ಸಾರ. ಒಂದು ದಿನ ಬಾಗಲೂರು ರಸ್ತೆಯ ಬದಿಯಲ್ಲಿ ಹಾಕಿದ್ದ ಸೀರಿಯಲ್ ಸೆಟ್ಟಿನಿಂದ ಅದ್ನಾನ್ ಎಂಬ ಸಹಾಯಕ ನಿರ್ದೇಶಕ ಅಡುಗೆಯವರಿಗೆ ಸಿಲಿಂಡರ್ ಬೇಕೆಂದು ಬಂದ.

"ಆಗಲ್ಲ," ಅಂದ ಯೋಗಾನಂದ.

ಅದ್ನಾನ್ ಕೌಂಟರಿನ ಮೇಲೆ ಎರಡೂ ಕೈ ಊರಿ ಬಗ್ಗಿದ. "ಸಾರ್, ಅದನ್ನ ಇನ್ನೊಂದ್ಸಲ ಹೇಳಿ."

"ಯಾವುದನ್ನ?"

"ಆಗಲ್ಲ ಅಂದ್ರಲ್ಲ, ಅದನ್ನ."

"ಆಗಲ್ಲ."

ಅದ್ನಾನ್ ಸಂಗೀತ ಕಛೇರಿ ಕೇಳುವವರ ಹಾಗೆ ಕಣ್ಣುಮುಚ್ಚಿ ತಲೆದೂಗಿದ. "ಮೂರು ವಾರದಿಂದ ಈ ಆಗಲ್ಲಕ್ಕೇ ಹುಡುಕ್ತಾ ಇದೀವಿ ಸಾರ್. ನಾಟಕದೋರು ಎಷ್ಟೋ ಜನ ಬಂದು ಹೇಳಿ ಹೋದ್ರು. ಅವರದೆಲ್ಲ ಕೋಪದ ಆಗಲ್ಲ. ನಿಮ್ಮದ್ರಲ್ಲಿ ಕೋಪಾನೇ ಇಲ್ಲ. ಎದುರಿಗೆ ಒಬ್ಬ ಮನುಷ್ಯ ನಿಂತಿದಾನೆ ಅನ್ನೋದೇ ನಿಮ್ಮ ಗಮನಕ್ಕೆ ಬಂದಿಲ್ಲ, ಆ ಥರ ಇದೆ."

ಯೋಗಾನಂದ ಇದನ್ನು ಹೊಗಳಿಕೆ ಎಂದೇ ತಿಳಿದ. ಅದ್ನಾನನಿಗೆ ಅವತ್ತೇ ಸಿಲಿಂಡರ್ ಸಿಕ್ಕಿತು.

ಸೀರಿಯಲ್ಲಿನ ಹೆಸರು 'ಕಾಲದ ಕಿಂಡಿ'. ಇನ್ನು ಮುನ್ನೂರು ವರ್ಷದ ಆಚೆಗೆ ಹುಟ್ಟಲಿರುವ ಒಬ್ಬ ಹುಡುಗಿ ಲಿಫ್ಟಿನಲ್ಲಿ ನಿಂತು ಗುಂಡಿ ಒತ್ತಿದರೆ ಲಿಫ್ಟು ಯಾವ ಇಸವಿಗೆ ಬೇಕಾದರೂ ಹೋಗಿ ನಿಲ್ಲುತ್ತದೆ. ಆ ಸಂಚಿಕೆಯಲ್ಲಿ ಅವಳು ಇಳಿಯುವುದು ಸಾವಿರದ ಒಂಬೈನೂರ ಐವತ್ತೆಂಟಕ್ಕೆ, ಒಂದು ಹಳ್ಳಿಗೆ. ಅಲ್ಲಿ ಕೇರಿಯವರು ಊರ ಬಾವಿಯ ನೀರು ಸೇದುವ ಹಾಗಿಲ್ಲ. ಶಾಲೆಯಲ್ಲಿ ಪಾಠ ಹೇಳುವ ಕೇರಿಯ ಹೆಣ್ಣುಮಗಳೊಬ್ಬಳು ಒಂದು ಬೆಳಿಗ್ಗೆ ಕೊಡ ತೆಗೆದುಕೊಂಡು ಬಾವಿಗೆ ಬರುತ್ತಾಳೆ. ಬಾವಿಯ ಕಾವಲುಗಾರ "ಆಗಲ್ಲ" ಅನ್ನುತ್ತಾನೆ, ಕೊಡ ಒದೆಯುತ್ತಾನೆ. ಅದನ್ನು ಕಂಡು ಇಡೀ ಕೇರಿ ಕೊಡ ಹಿಡಿದು ಬಾವಿಗೆ ನಡೆಯುತ್ತದೆ, ಹೋರಾಟ ಶುರುವಾಗುತ್ತದೆ. ಈ ಹೋರಾಟ ನಡೆಯಲೇಬಾರದು ಎಂದು ಮುಂದಿನ ಕಾಲದ ಒಬ್ಬ ದುಷ್ಟ ಬಂದು ಕಾವಲುಗಾರನಿಗೆ ನಿದ್ದೆ ಔಷಧಿ ಹಾಕಿಬಿಡುತ್ತಾನೆ. ಲಿಫ್ಟಿನ ಹುಡುಗಿ ಹೇಗಾದರೂ ಮಾಡಿ ಅವನನ್ನು ಎಬ್ಬಿಸಿ ಬಾವಿಯ ಹತ್ತಿರ ನಿಲ್ಲಿಸಬೇಕು. ಇದು ಕಥೆ.

ಸೆಟ್ಟಿನಲ್ಲಿ ಕಾವಲುಗಾರನ ಪಾತ್ರದ ಯೋಗಾನಂದ ಕೊಡ ಒದೆಯಲು ಹಿಂಜರಿದ. ಹೆಣ್ಣುಮಗಳು, ಅದೂ ತುಂಬಿದ ಕೊಡ. ನಿರ್ದೇಶಕಿ ವಂದನಾ ಪಕ್ಕಕ್ಕೆ ಕರೆದು ಸಮಾಧಾನ ಹೇಳಿದಳು. "ಸಾರ್, ನೀವು ಒದೀಲಿಲ್ಲ ಅಂದ್ರೆ ಚರಿತ್ರೆ ಅಲ್ಲೇ ನಿಂತ್ಹೋಗುತ್ತೆ. ಇಡೀ ಸಂಚಿಕೆ ನಿಮ್ಮ ಕಾಲಿನ ಮೇಲಿದೆ."

ಚರಿತ್ರೆ ತನ್ನ ಕಾಲಿನ ಮೇಲಿದೆ ಎಂದು ಯಾರಾದರೂ ಹೇಳಿದ ಮೇಲೆ ಸುಮ್ಮನಿರುವುದು ಮನುಷ್ಯಮಾತ್ರದವರಿಗೆ ಸಾಧ್ಯವಿಲ್ಲ. ಯೋಗಾನಂದ ಹನ್ನೊಂದು ಸಲ ಒದ್ದ. ಸಂಜೆ ಹೆಬ್ಬೆರಳು ಊದಿಸಿಕೊಂಡು ಮನೆಗೆ ಬಂದು ಹೆಂಡತಿ ವನಿತಾಳಿಗೆ ಗಂಭೀರವಾಗಿ ಹೇಳಿದ. "ಒಂದು ದೊಡ್ಡ ಹೋರಾಟ ಕಣೇ. ಅದು ಶುರುವಾಗೋದೇ ನನ್ನಿಂದ."

ವನಿತಾ ಇದನ್ನು ಎದುರುಮನೆಗೆ ಹೇಳಿದಳು: "ನಮ್ಮೋರು ಹೋರಾಟ ಶುರು ಮಾಡ್ತಾರಂತೆ." ಎದುರುಮನೆಯವರು ರಸ್ತೆಯ ತುದಿಯ ಇಸ್ತ್ರಿ ಅಂಗಡಿಯ ಮುರುಗೇಶನಿಗೆ ಹೇಳುವ ಹೊತ್ತಿಗೆ ಯೋಗಾನಂದ ಹೋರಾಟದ ನಾಯಕನಾಗಿದ್ದ. ಮುರುಗೇಶನ ಮೇಜಿನಿಂದ ಬಟ್ಟೆಗಳ ಜೊತೆ ಸುದ್ದಿ ಮನೆಮನೆಗೆ ತಲುಪಿದಾಗ ಲಿಫ್ಟನ್ನು ಕಂಡುಹಿಡಿದ ವಿಜ್ಞಾನಿಯೂ ಅವನೇ ಆಗಿದ್ದ. ಇದನ್ನೆಲ್ಲ ತಿದ್ದಬೇಕು ಅಂತ ಯೋಗಾನಂದನಿಗೆ ಅನಿಸದೆ ಇರಲಿಲ್ಲ. ಆದರೆ ಮುರುಗೇಶ ಅವನ ಅಂಗಿಗೆ ಎರಡೆರಡು ಸಲ ಪೆಟ್ಟಿಗೆ ಓಡಿಸುತ್ತಿದ್ದ. ಅಂಗಿ ಹಾಳೆಯ ಹಾಗೆ ನಿಲ್ಲುತ್ತಿತ್ತು. ತಿದ್ದುವುದು ಮುಂದಕ್ಕೆ ಹೋಯಿತು.

ಭಾನುವಾರ ಬಡಾವಣೆಯ ಸಂಘದ ಅಧ್ಯಕ್ಷ ಶೇಖರಪ್ಪನವರ ಕೆಳಮನೆಯ ಹಾಲಿನಲ್ಲಿ ದೊಡ್ಡ ಟೀವಿಯ ಮುಂದೆ ಮೂವತ್ತು ಕುರ್ಚಿ ಬಿದ್ದವು. ಶೇಖರಪ್ಪನವರು ಆ ಕಡೆಯ ಹಳ್ಳಿಯ ದೊಡ್ಡ ಮನೆತನದವರು. ಹೊಲಗಳೆಲ್ಲ ಸೈಟುಗಳಾದ ಮೇಲೂ ಗತ್ತು ಹಾಗೇ ಉಳಿದಿತ್ತು. ವನಿತಾ ಕೇಸರಿಭಾತ್ ಮಾಡಿ ತಂದಿದ್ದಳು. ಪಕ್ಕದ ಮನೆಯ ದ್ರೌಪದಮ್ಮನನ್ನು ಯೋಗಾನಂದ ತಾನೇ ಹೋಗಿ ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ. ಎಪ್ಪತ್ತೆಂಟು ವರ್ಷದ ಮುದುಕಿ. ಮಗ ವಾಸು ನೀರು ಸರಬರಾಜಿನ ಎಂಜಿನಿಯರ್. ಹದಿನೈದು ವರ್ಷದ ಹಿಂದೆ ಅವನು ಮನೆ ಕಟ್ಟಿದಾಗ ಅಮ್ಮನನ್ನು ಕರೆದುಕೊಂಡು ಬಂದಿದ್ದ. ಯೋಗಾನಂದನಿಗೆ ಜ್ವರ ಬಂದರೆ ಗಂಜಿ ಬರುವುದು ಆ ಮನೆಯಿಂದ.

"ನಿಮ್ಮ ಆಶೀರ್ವಾದ ಇರ್ಲಮ್ಮ. ಹೋರಾಟದ ಪಾತ್ರ," ಅಂದ.

"ಮಾಡಪ್ಪ, ಒಳ್ಳೇದಾಗ್ಲಿ," ಅಂದರು ದ್ರೌಪದಮ್ಮ.

ಸಂಚಿಕೆ ಶುರುವಾಯಿತು. ಲಿಫ್ಟು ಇಳಿಯಿತು. ಹುಡುಗಿ ಓಡಾಡಿದಳು. ವಿಜ್ಞಾನಿ ಯಾವಾಗ ಬರುತ್ತಾನೆ ಎಂದು ಜನ ಕಾಯುತ್ತಿರುವಾಗ, ಹುಣಸೆಮರದ ಕೆಳಗೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ ಕಾವಲುಗಾರನ ಮುಖ ತೆರೆಯ ತುಂಬ ಬಂತು. ಹಾಲಿನಲ್ಲಿ ಚಪ್ಪಾಳೆ. ಲಿಫ್ಟಿನ ಹುಡುಗಿ ಅವನ ಮುಖಕ್ಕೆ ನೀರೆರಚಿ ಎಬ್ಬಿಸಿದಳು. ಮತ್ತೆ ಚಪ್ಪಾಳೆ. ಕಾವಲುಗಾರ ಬಾವಿಯ ಹತ್ತಿರ ಬಂದ. ಆ ಹೆಣ್ಣುಮಗಳು ಹಗ್ಗ ಹಿಡಿದು ಮೊದಲ ಕೊಡ ಸೇದಿ ಕಟ್ಟೆಯ ಮೇಲಿಟ್ಟಳು. ಯೋಗಾನಂದ ಅವಳ ಕಡೆ ನೋಡಿಯೂ ನೋಡದ ಹಾಗೆ "ಆಗಲ್ಲ" ಅಂದ. ಒದ್ದ.

ಕೊಡ ಉರುಳಿದ ಸದ್ದಿನ ಮೇಲೆ ಜಾಹೀರಾತು ಬಂತು. ವನಿತಾ ಕೇಸರಿಭಾತಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವಳು ಹಾಗೇ ಒಳಗೆ ಹೋದಳು. ದ್ರೌಪದಮ್ಮ ಸಂಚಿಕೆ ಮುಗಿಯುವವರೆಗೂ ಅಲ್ಲಾಡದೆ ಕೂತಿದ್ದು, ಎದ್ದು, "ಬತ್ತೀನಿ," ಅಂತ ಯಾರಿಗೋ ಹೇಳಿ ಹೋದರು. ಅವರ ಹಿಂದೆಯೇ ಕುರ್ಚಿಗಳು ಖಾಲಿಯಾದವು.

"ನಾಯಕ ಅಂದ್ರಿ?" ಎಂದು ಎದುರುಮನೆಯವರು ವನಿತಾಳನ್ನು ಕೇಳಿದ್ದು ಯೋಗಾನಂದನ ಕಿವಿಗೆ ಬಿತ್ತು.

ಅವನು ಚಪ್ಪಲಿ ಹುಡುಕುತ್ತಿರುವಾಗ ಶೇಖರಪ್ಪನವರು ಹೆಗಲ ಮೇಲೆ ಕೈ ಹಾಕಿ ಮೂಲೆಗೆ ಕರೆದರು. "ಅವರ ಮಾತು ಬಿಡ್ರಿ. ಏನ್ ಒದ್ರಿ ಯೋಗಾನಂದ! ಆಗಿನ ಕಾಲದಲ್ಲಿ ಯಾರ್ಯಾರು ಎಲ್ಲೆಲ್ಲಿರ್ಬೇಕು ಅಂತ ಒಂದು ಶಿಸ್ತು ಇತ್ತು ಕಣ್ರೀ. ಈಗ ಬಾಯಿಬಿಟ್ಟು ಹೇಳೋ ಹಾಗಿಲ್ಲ. ನೀವು ಒದ್ದಾಗ ನನ್ನ ಎದೆ ಹಗುರ ಆಯ್ತು." ಹೀಗೆ ಹೇಳಿ ತಮ್ಮ ಕೈಯಾರೆ ಒಂದು ಚಮಚ ಕೇಸರಿಭಾತ್ ಅವನ ಬಾಯಿಗೆ ಹಾಕಿದರು.

ಹೊಗಳಲಿ ಎಂದು ಎರಡು ತಿಂಗಳಿಂದ ಕಾದವನಿಗೆ ಕೊನೆಗೂ ಒಂದು ಹೊಗಳಿಕೆ ಸಿಕ್ಕಿತ್ತು. ಕೇಸರಿಭಾತ್ ಗಂಟಲಿನಲ್ಲೇ ನಿಂತಿತು. ಮನೆಯವರೆಗೂ ಅದನ್ನು ಹಾಗೇ ಹೊತ್ತುಕೊಂಡು ಬಂದ.

ಮನೆಗೆ ಬರುವಷ್ಟರಲ್ಲಿ ಮುರುಗೇಶ ಗೇಟಿನ ಹತ್ತಿರ ನಿಂತಿದ್ದ. ಕೈಯಲ್ಲಿ ಬೆಳಿಗ್ಗೆ ಕೊಟ್ಟ ಬಟ್ಟೆಯ ಗಂಟು, ಕೊಟ್ಟ ಹಾಗೇ ಇತ್ತು. "ಇಸ್ತ್ರಿ ಆಗಿಲ್ಲ ಸಾರ್. ಮನೆಯಾಕೆ ಬೇಡ ಅಂದ್ಳು."

"ಅಯ್ಯೋ, ಅದು ಆಕ್ಟಿಂಗ್ ಕಣೋ ಮುರುಗೇಶ!"

"ಅದನ್ನೇ ನಾನೂ ಅಂದೆ ಸಾರ್. ಆಕ್ಟಿಂಗ್ ಆದ್ರೆ ಅಷ್ಟು ಚೆನ್ನಾಗಿ ಹೆಂಗೆ ಬಂತು ಅಂತ ಕೇಳಿದ್ಳು. ನಂಗೆ ಉತ್ರ ಗೊತ್ತಾಗ್ಲಿಲ್ಲ."

ಒಳಗೆ ಹೋದರೆ ಫೋನು. ತಣಿಸಂದ್ರದಿಂದ ವನಿತಾಳ ತಮ್ಮ ಜಯಂತ್. "ಭಾವ, ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ನೀವು ಒದೆಯೋ ವಿಡಿಯೋ ಓಡಾಡ್ತಾ ಇದೆ. ಎಲ್ರೂ ಬೈತಾ ಇದಾರೆ. ನಾನೂ ಎರಡು ಮಾತು ಬೈದಿದೀನಿ, ತಪ್ಪು ತಿಳ್ಕೋಬೇಡಿ. ಸಂಬಂಧ ಗೊತ್ತಾಗ್ಬಾರ್ದಲ್ಲ."

ಸೋಮವಾರ ಏಜೆನ್ಸಿಯ ಬಾಗಿಲು ತೆರೆಯುವ ಮುಂಚೆಯೇ ಫೋನು ಹೊಡೆದುಕೊಳ್ಳುತ್ತಿತ್ತು.

"ನಾಚಿಕೆ ಆಗಲ್ವೇನ್ರೀ ನಿಮಗೆ?" ಯಾರೋ ಹೆಂಗಸು.

"ಬುಕ್ ಮಾಡಿ ಎಷ್ಟು ದಿನ ಆಯ್ತು ಮೇಡಂ?" ಅಂದ ಯೋಗಾನಂದ, ಅಭ್ಯಾಸದಿಂದ.

"ಆ ಹುಡುಗಿಗೆ ನೀರು ಯಾಕೆ ಕೊಡ್ಲಿಲ್ಲ?"

"ನೀರಲ್ಲ ಮೇಡಂ, ನಾವು ಗ್ಯಾಸ್ ಕೊಡೋದು."

"ಅದನ್ನೂ ಸರಿಯಾಗಿ ಕೊಡಲ್ಲ!"

ಯೋಗಾನಂದನಿಗೆ ಮೊದಲ ಬಾರಿಗೆ ಸಿಟ್ಟು ಬಂತು. ತಾನು ಒದ್ದಿದ್ದರಿಂದಲೇ ತಾನೇ ಹೋರಾಟ ಶುರುವಾಗಿದ್ದು? ಒದೆಯದೆ ಮಲಗಿದ್ದರೆ ಈ ಹೆಂಗಸಿಗೆ ಸಮಾಧಾನವಾಗುತ್ತಿತ್ತೇ? ಆ ದುಷ್ಟನಿಗೆ ಸಮಾಧಾನವಾಗುತ್ತಿತ್ತು, ಅಷ್ಟೆ! ಈ ವಾದವನ್ನು ಅವನು ಮಧ್ಯಾಹ್ನದೊಳಗೆ ಏಳು ಜನರಿಗೆ ವಿವರಿಸಿದ. ಆರು ಜನ ಮಧ್ಯದಲ್ಲೇ ಫೋನಿಟ್ಟರು. ಏಳನೆಯವರು ಪೂರ್ತಿ ಕೇಳಿ, "ಎಲ್ಲಾ ಸರಿ, ಸಿಲಿಂಡರ್ ಯಾವಾಗ?" ಅಂದರು.

ಅಷ್ಟರಲ್ಲಿ ವನಿತಾಳ ಫೋನು. "ಬೇಗ ಮನೆಗೆ ಬನ್ನಿ. ನೀರು ನಿಂತಿದೆ."

ನಾಲ್ಕನೇ ಅಡ್ಡರಸ್ತೆಗೆ ಸೋಮವಾರ ಬೆಳಿಗ್ಗೆ ಆರಕ್ಕೆ ನೀರು ಬರಬೇಕು. ಬಂದಿರಲಿಲ್ಲ. ನೀರು ಒಂದು ದಿನ ಬರದಿದ್ದರೆ ಬೆಂಗಳೂರಿನಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಆದರೆ ಈ ರಸ್ತೆಯಲ್ಲಿ ನೀರಿನ ಎಂಜಿನಿಯರ್ ವಾಸುವಿನ ಮನೆ ಇರುವುದರಿಂದ ನೀರು ತಪ್ಪಿದ್ದೇ ಇರಲಿಲ್ಲ. ವಾಸು ಬೆಳಗಿನ ಜಾವವೇ ಯಾರೊಂದಿಗೂ ಮಾತಾಡದೆ ಮುಖ ಬಿಗಿದುಕೊಂಡು ಜೀಪು ಹತ್ತಿದ್ದನ್ನು ಎದುರುಮನೆಯವರು ಕಂಡಿದ್ದರು. ಸಾಕಲ್ಲ. ಭಾನುವಾರ ಯೋಗಾನಂದ ಕೊಡ ಒದ್ದ. ಮುಂದಿನ ಸಾಲಿನಲ್ಲಿ ಕೇರಿಯಲ್ಲಿ ಹುಟ್ಟಿ ಬೆಳೆದ ದ್ರೌಪದಮ್ಮ ಕೂತಿದ್ದರು. ಸೋಮವಾರ ನೀರಿಲ್ಲ. ಲೆಕ್ಕ ತಾನಾಗಿ ಕೂಡಿಕೊಂಡಿತು.

ಯೋಗಾನಂದ ಬಂದಾಗ ಅವನ ಗೇಟಿನ ಮುಂದೆ ಹದಿನೈದು ಜನ, ಹದಿನೈದು ಖಾಲಿ ಬಿಂದಿಗೆ.

"ನೀವು ಒಂದು ಕೊಡ ಒದ್ರಿ, ನಮಗೆ ರಸ್ತೆಗೇ ನೀರಿಲ್ಲ!"

"ಹೆಸರು ಮಾಡೋಕೆ ಬೇರೆ ದಾರಿ ಇರ್ಲಿಲ್ವಾ?"

"ಸ್ನಾನ ಇಲ್ಲದೆ ಮಗಳು ಕಾಲೇಜಿಗೆ ಹೋದ್ಲು!"

ಯೋಗಾನಂದ ಎರಡೂ ಕೈ ಜೋಡಿಸಿದ. ಆ ಸಂಚಿಕೆಯಲ್ಲಿ ಬಾವಿ ಅವನದಲ್ಲ, ಕಾವಲು ಅವನ ಇಷ್ಟವಲ್ಲ, ಕೊಡ ಪ್ಲಾಸ್ಟಿಕ್ಕಿನದು ಎಂದೆಲ್ಲ ಹೇಳಿದ. ಯಾರಿಗೆ ಬೇಕು?

ಆಗ ಶೇಖರಪ್ಪನವರು ಬಿಳಿ ಪಂಚೆ, ಶಲ್ಯದಲ್ಲಿ ಬಂದರು. ನಿನ್ನೆ ಎದೆ ಹಗುರ ಮಾಡಿಕೊಂಡವರು ಇವತ್ತು ಅದನ್ನು ಯಾರಿಗೂ ಕಾಣಗೊಡಲಿಲ್ಲ. "ಆಗಿದ್ದಾಯ್ತು. ಈಗ ಎಲ್ಲರೂ ಹೋಗಿ ಆ ಅಮ್ಮನ ಹತ್ರ ಕ್ಷಮೆ ಕೇಳೋಣ. ಯೋಗಾನಂದ ಕಾಲಿಗೆ ಬೀಳ್ತಾರೆ. ಬಾಳೆಹಣ್ಣು ತನ್ನಿ."

"ನಾನು ಬೀಳೋಕೆ ರೆಡಿ ಸಾರ್. ಆದ್ರೆ ನಿನ್ನೆ ನೀವು ಶಿಸ್ತು ಅಂತ..."

"ಅದೆಲ್ಲ ಈಗ ಯಾಕ್ರೀ!" ಎಂದು ಗದರಿಸಿ ಶೇಖರಪ್ಪ ಮುಂದೆ ನಡೆದರು. ಹಿಂದೆ ಯೋಗಾನಂದ, ಬಾಳೆಹಣ್ಣು, ಅದರ ಹಿಂದೆ ಬಿಂದಿಗೆಗಳು.

ದ್ರೌಪದಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಇಷ್ಟು ಜನ ಒಟ್ಟಿಗೆ ಗೇಟು ದಾಟಿದ್ದು ಅವರ ಮನೆಯ ಗೃಹಪ್ರವೇಶದಲ್ಲೂ ಇರಲಿಲ್ಲ. ಎದ್ದು ನಿಂತರು.

ಶೇಖರಪ್ಪ ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಇವರು ತಿಳೀದೆ ಏನೋ ಮಾಡಿದಾರೆ. ನೀವು ದೊಡ್ಡ ಮನಸ್ಸು ಮಾಡಿ ಮಗನಿಗೆ ಒಂದು ಮಾತು ಹೇಳ್ಬೇಕು."

"ಏನಂತ?"

"ನೀರು ಬಿಡೋಕೆ."

ದ್ರೌಪದಮ್ಮನ ಮಡಿಲಿನಿಂದ ಅವರೆಕಾಯಿ ಜಗುಲಿಯ ತುಂಬ ಚೆಲ್ಲಿತು. "ನನ್ ಮಗ ನೀರು ನಿಲ್ಸವ್ನೆ ಅಂತ ಬಂದ್ರಾ?"

ಬಿಂದಿಗೆಗಳು ಮೆಲ್ಲಗೆ ಬೆನ್ನ ಹಿಂದೆ ಹೋದವು.

"ಎಬ್ಬಾಳದ ತಾವ ಯಾರೋ ಕೇಬಲ್ಲಿಗೆ ನೆಲ ಅಗ್ದು ದೊಡ್ಡ ಪೈಪ್ ಒಡ್ದವ್ರೆ. ಕಾಪಿನೂ ಕುಡೀದೆ ಓಗವ್ನೆ ನನ್ ಮಗ. ಮಂಡಿವರ್ಗೂ ಕೆಸ್ರಲ್ಲಿ ನಿಂತವ್ನೆ, ಈಗಷ್ಟೇ ಪೋನ್ ಮಾಡಿದ್ದ. ನಿಮ್ ಮನೆ ತೊಟ್ಟಿ ತುಂಬ್ಲಿ ಅಂತ! ಇನ್ನೊಬ್ರಿಗೆ ನೀರು ನಿಲ್ಸೋ ಬುದ್ದೀನ ಈ ಮನೇಲಿ ಯಾರೂ ಯಾರ್ಗೂ ಕಲ್ಸಿಲ್ಲ. ಅದನ್ನ ಕಲ್ತೋರ ಮನೆ ಬೇರೆ ಐತೆ, ಅಲ್ಲೋಗಿ ಕೇಳಿ!"

ಮುಖ ಎಲ್ಲಿಡುವುದು ಎಂದು ಎಲ್ಲರೂ ನೆಲ ನೋಡುತ್ತಿರುವಾಗ, ಮಾತಾಡಬಾರದ ಹೊತ್ತಿನಲ್ಲಿ ಮಾತಾಡಬಾರದ ಮಾತನ್ನು ಆಡುವುದಕ್ಕೆ ಒಬ್ಬನಾದರೂ ಇರಬೇಕಲ್ಲ, ಯೋಗಾನಂದ ಬಾಳೆಹಣ್ಣು ಹಿಡಿದುಕೊಂಡೇ ಕೇಳಿದ: "ಮತ್ತೆ... ನಿನ್ನೆ ನನ್ನ ಪಾತ್ರ ಹೇಗಿತ್ತಮ್ಮ?"

ವನಿತಾ ಹಣೆ ಚಚ್ಚಿಕೊಂಡಳು.

"ಸುಳ್ಳು!" ಅಂದರು ದ್ರೌಪದಮ್ಮ. ಅವರ ಸಿಟ್ಟು ಈಗ ಬೇರೆಯೇ ದಿಕ್ಕಿಗೆ ತಿರುಗಿತು. "ಯಾರಪ್ಪ ಅದನ್ನ ಮಾಡ್ಸಿದ್ದು? ಅವ್ರಿಗೆ ಏನೂ ಗೊತ್ತಿಲ್ಲ. ಒದೀತಾನಂತೆ ಕೊಡಾನ! ರಾತ್ರಿಯೆಲ್ಲ ನಂಗೆ ನಿದ್ದೆ ಬರ್ಲಿಲ್ಲ, ಅಷ್ಟು ಕ್ವಾಪ. ನಮ್ ಕೊಡಾನ ಯಾರು ಒದೀತಿದ್ರು? ಒದ್ರೆ ಕಾಲು ತಾಕಲ್ವಾ? ತಾಕಿದ್ರೆ ಮೈಲಿಗೆ ಆಗಲ್ವಾ? ಮನೆಗೋಗಿ ತಲೆಮ್ಯಾಲೆ ನೀರು ಉಯ್ಕೋಬೇಕಿತ್ತು ಅವ್ರು."

"ಹಾಗಾದ್ರೆ ಏನ್ ಮಾಡ್ತಿದ್ರಮ್ಮ?"

"ಕಲ್ಲು. ದೂರದಿಂದ. ಕಟ್ಟೆ ಮ್ಯಾಲೆ ನಿಂತ್ಕೊಂಡು ಹೊಡೀತಿದ್ರು. ಕೊಡ ತಲೆಮ್ಯಾಲಿದ್ರೂ ಹೊಡೀತಿದ್ರು."

ರಸ್ತೆಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ.

"ಬರಿ," ಅಂದರು ದ್ರೌಪದಮ್ಮ ಯೋಗಾನಂದನಿಗೆ. "ಆ ಟೀವಿಯೋರ್ಗೆ ಕಾಗ್ದ ಬರಿ. ನಿಂಗೆ ಅವ್ರು ಗೊತ್ತಲ್ಲ. ನಾನು ನೋಡ್ದೆ, ತಪ್ಪಾಗೈತೆ ಅಂತ ಬರಿ."

ವನಿತಾ ಓಡಿಹೋಗಿ ಹಾಳೆ, ಪೆನ್ನು ತಂದಳು. ಯೋಗಾನಂದ ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲೆ ಹಾಳೆ ಇಟ್ಟುಕೊಂಡ. ದ್ರೌಪದಮ್ಮ ಹೇಳುತ್ತಾ ಹೋದರು. ತಾನು ಹುಟ್ಟಿದ ಊರು ಚಿಕ್ಕಕುಂಟೆ. ಬಾವಿ ಇದ್ದದ್ದು ಊರ ಮುಂದೆ. ತನಗೆ ಆಗ ಹನ್ನೊಂದು ವರ್ಷ.

ಚಿಕ್ಕಕುಂಟೆ ಎಂಬ ಮಾತು ಕೇಳಿ ಶೇಖರಪ್ಪನವರ ಮುಖ ಅರಳಿತು. "ಅರೆ, ನಮ್ಮೂರೇ! ನಮ್ಮ ಅಪ್ಪ ತೋಡಿಸಿದ ಬಾವಿ ಅದು! ಊರಿಗೆಲ್ಲ ನೀರು ಕೊಟ್ಟ ಬಾವಿ!"

"ಊಂ. ಅದೇ ಬಾವಿ," ಅಂದರು ದ್ರೌಪದಮ್ಮ. "ನಿಮ್ ಅಪ್ಪಂಗೆ ಗುರಿ ಚೆನ್ನಾಗಿತ್ತು."

ಶೇಖರಪ್ಪನವರ ಶಲ್ಯ ಹೆಗಲಿನಿಂದ ಜಾರಿತು. ಎತ್ತಿ ಹಾಕಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಇದೇನಮ್ಮ, ನಾಲ್ಕು ಜನರ ಮುಂದೆ! ಸತ್ತೋದೋರ ಬಗ್ಗೆ! ಯೋಗಾನಂದ, ಅದನ್ನೆಲ್ಲ ಬರೀಬೇಡ್ರಿ. ಬಾವಿಯ ಯಜಮಾನರು ಅಂತ ಬರೀರಿ, ಸಾಕು."

ಯೋಗಾನಂದ 'ಬಾವಿಯ ಯಜಮಾನರು' ಎಂದು ಬರೆದು ತಲೆಯೆತ್ತಿ ನೋಡಿದ.

"ಅವ್ರಿಗೆ ಎಸ್ರು ಇತ್ತಪ್ಪ," ಅಂದರು ದ್ರೌಪದಮ್ಮ. "ದೊಡ್ಡಬಚ್ಚಪ್ಪ ಅಂತ."

"ಯೋಗಾನಂದ! ಹೇಳಿದ್ದೀನಿ! ಸಂಘದಿಂದ ಆಚೆಗೆ ಹಾಕಿಸ್ತೀನಿ. ಕೋರ್ಟಿಗೆ ಹೋಗ್ತೀನಿ!"

ಇಪ್ಪತ್ತೆರಡು ವರ್ಷ ಕೌಂಟರಿನ ಒಳಗೆ ಕೂತು, ಹೊರಗೆ ನಿಂತವರು ಎಷ್ಟು ಕೂಗಿದರೂ ತಲೆ ತಗ್ಗಿಸಿಕೊಂಡೇ ಇದ್ದ ಯೋಗಾನಂದ ಎದ್ದು ನಿಂತ. ಬಾಳೆಹಣ್ಣಿನ ಚಿಪ್ಪು ಎಲ್ಲೋ ಬಿದ್ದಿತ್ತು. "ನಿನ್ನೆ ನಿಮ್ಮ ಎದೆ ಹಗುರ ಆಯ್ತು ಅಂದ್ರಲ್ಲ ಸಾರ್! ನನ್ನ ಬಾಯಿಗೆ ಕೇಸರಿಭಾತ್ ಹಾಕಿದ್ರಲ್ಲ! ಊರೆಲ್ಲ ನನ್ನ ಬೈದ್ರು, ಅದನ್ನ ತಡ್ಕೊಂಡೆ. ನೀವು ಹೊಗಳಿದ್ರಲ್ಲ, ಅದನ್ನ ಹೆಂಗೆ ತಡ್ಕೊಳ್ಲಿ? ಇನ್ನೂ ಇಲ್ಲೇ ಸಿಕ್ಕಾಕ್ಕೊಂಡಿದೆ ಅದು!" ಎಂದು ಗಂಟಲು ಮುಟ್ಟಿ ತೋರಿಸಿದ. ಕೂತ. ಯಜಮಾನರು ಎನ್ನುವುದನ್ನು ಹೊಡೆದುಹಾಕಿ 'ದೊಡ್ಡಬಚ್ಚಪ್ಪ' ಎಂದು ಬರೆದ. ಅಕ್ಷರ ಸರಿಯಾಗಿದೆಯೇ ಎಂದು ಓದಿ ಹೇಳಿದ.

ಶೇಖರಪ್ಪ ದಡದಡನೆ ಗೇಟು ದಾಟಿದರು. ಉಳಿದವರು ಒಬ್ಬೊಬ್ಬರಾಗಿ ಬಿಂದಿಗೆ ಕೆಳಗಿಟ್ಟು ಮೆಟ್ಟಿಲ ಮೇಲೆ, ಕಾಂಪೌಂಡಿನ ಕಟ್ಟೆಯ ಮೇಲೆ ಕೂತರು. ಮುರುಗೇಶ ಅಂಗಡಿ ಬಿಟ್ಟು ಬಂದಿದ್ದ. ದ್ರೌಪದಮ್ಮ ಹೇಳುತ್ತಿದ್ದರು, ಯೋಗಾನಂದ ಬರೆಯುತ್ತಿದ್ದ. ಒಂದು ಹಾಳೆ ಮುಗಿದು ನಾಲ್ಕಾದವು. ಈ ನಡುವೆ ನೀರು ಬಂದದ್ದನ್ನು ಯಾರೂ ಗಮನಿಸಲಿಲ್ಲ. ತೊಟ್ಟಿಗಳು ತುಂಬಿ, ಮುಚ್ಚಳ ಎತ್ತಿ, ಗೇಟುಗಳ ಕೆಳಗಿಂದ ಹೊಳೆಯಂತೆ ರಸ್ತೆಗೆ ಹರಿಯಿತು.

ಆ ನೀರಿನಲ್ಲೇ ಜೀಪು ಬಂದು ನಿಂತಿತು. ಸೊಂಟದವರೆಗೆ ಕೆಸರು ಮೆತ್ತಿದ ವಾಸು ಇಳಿದವನೇ ಕೂಗಾಡಿದ. "ಏನ್ರೀ ಇದು! ಎಂಟು ಗಂಟೆ ಕೆಸರಲ್ಲಿ ನಿಂತು ಪೈಪ್ ಸರಿಮಾಡ್ಸಿದ್ರೆ ಚರಂಡಿಗೆ ಬಿಡ್ತಾ ಇದೀರಲ್ರೀ! ಯಾರಿಗೂ ಜವಾಬ್ದಾರಿ ಇಲ್ವಾ?"

ಹದಿನೈದು ಜನ ಎದ್ದುಬಿದ್ದು ತಂತಮ್ಮ ನಲ್ಲಿಗಳ ಕಡೆ ಓಡಿದರು. ಉಳಿದವನು ಯೋಗಾನಂದ ಒಬ್ಬನೇ. ವಾಸು ಅವನ ಕೈಯಿಂದ ಹಾಳೆ ತೆಗೆದುಕೊಂಡು ಓದಿದ. ಇದನ್ನು ಅವನ ಅಮ್ಮ ಅವನಿಗೆ ಹೇಳಿರಲಿಲ್ಲ ಎನ್ನುವುದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಕೊನೆಯ ಹಾಳೆ ಓದಿ ಮುಗಿಸಿ, ಕೆಸರು ತಾಕದ ಹಾಗೆ ತುದಿ ಹಿಡಿದು ವಾಪಸ್ ಕೊಟ್ಟ.

"ಅಕ್ಷರ ಚೆನ್ನಾಗಿದೆ ನಿಮ್ಮದು," ಅಂದ. "ಹೀಗೇ ಕಳಿಸಿ. ಟೈಪ್ ಮಾಡಿಸ್ಬೇಡಿ."

ಆ ಸಂಚಿಕೆಗೆ ಬಂದ ಆಕ್ಷೇಪಣೆಗಳು ನಾನೂರಕ್ಕೂ ಹೆಚ್ಚು ಎಂದು ಆಮೇಲೆ ಅದ್ನಾನ್ ಹೇಳಿದ. ವಿಜ್ಞಾನದ ಸೀರಿಯಲ್ಲಿನಲ್ಲಿ ಇದೆಲ್ಲ ಯಾಕೆ ಎಂದು ಕೆಲವರು ಸಿಡಿದಿದ್ದರು. ಲಿಫ್ಟು ಹಿಂದಿನ ಇಸವಿಗೆ ಹೋಗಬೇಕಾದರೆ ಕೆಳಗಿಳಿಯಬೇಕೋ ಮೇಲೇರಬೇಕೋ ಎಂದು ಒಬ್ಬರು ಆರು ಪುಟ ಜಗಳ ತೆಗೆದಿದ್ದರು. ಹಳೇ ಕಾಲದಲ್ಲಿ ಹೀಗೆಲ್ಲ ಇರಲೇ ಇಲ್ಲ, ಎಲ್ಲರೂ ಅಣ್ಣತಮ್ಮಂದಿರ ಹಾಗಿದ್ದರು ಎಂದು ಸಂಚಿಕೆ ನೋಡದೆಯೇ ಬರೆದವರು ನೂರಾರು ಜನ. ಕೋರ್ಟಿಗೆ ಹೋಗುತ್ತೇನೆ ಎಂದು ಶೇಖರಪ್ಪನವರದ್ದೂ ಒಂದಿತ್ತು. ಹೋಗಲಿಲ್ಲ, ಹೋದರೆ ಅಪ್ಪನ ಹೆಸರು ಅಲ್ಲೂ ಬರೆಯಬೇಕಾಗುತ್ತದೆ ಎಂದು ವಕೀಲರು ಹೇಳಿದರಂತೆ. ಇವೆಲ್ಲದರ ನಡುವೆ ನೋಡಿದ್ದನ್ನು ನೋಡಿದ ಹಾಗೆ ಹೇಳಿದ ಕಾಗದ ಒಂದೇ. ವಂದನಾ ಅದನ್ನು ಓದಿ ಮರುದಿನವೇ ಫೋನ್ ಮಾಡಿದಳು. ಮರುಪ್ರಸಾರಕ್ಕೆ ಮುಂಚೆ ಆ ದೃಶ್ಯವನ್ನು ಮತ್ತೆ ತೆಗೆಯುತ್ತೇವೆ, ಅಮ್ಮ ಬಂದು ಪಕ್ಕದಲ್ಲಿ ಕೂತುಕೊಳ್ಳಬೇಕು ಅಂದಳು.

ದ್ರೌಪದಮ್ಮ ಮಗನ ಜೊತೆ ಬಂದರು. ಬಾವಿಕಟ್ಟೆಯ ಎದುರಿಗೆ ಅವರಿಗೊಂದು ಕುರ್ಚಿ ಹಾಕಿದರು. ಈ ಸಲ ಮಣ್ಣಿನ ಕೊಡ, ತುಂಬ ನೀರು, ಕಟ್ಟೆಯ ಮೆಟ್ಟಿಲ ಮೇಲೆ. ನಟಿಯನ್ನು ದೂರ ನಿಲ್ಲಿಸಿದ್ದರು. ಕಾವಲುಗಾರನ ವೇಷದ ಯೋಗಾನಂದ ಕಟ್ಟೆಯ ಮೇಲೆ ಹತ್ತಿದ. ಅದ್ನಾನ್ ಅವನ ಕೈಗೆ ಥರ್ಮಾಕೋಲಿನ ಕಲ್ಲು ಕೊಟ್ಟ.

"ಇದೇನಪ್ಪ, ಹತ್ತಿ ಇದ್ದಂಗೈತೆ?" ದ್ರೌಪದಮ್ಮ ಎದ್ದು ಬಂದರು. ನೆಲದ ಮೇಲೆ ಬಗ್ಗಿ ಹುಡುಕಿದರು. ಒಂದು ಕಲ್ಲು ಎತ್ತಿ ನೋಡಿ ಬಿಸಾಡಿದರು, ಇನ್ನೊಂದನ್ನು ಅಂಗೈಯಲ್ಲಿ ತೂಗಿ ನೋಡಿ ಯೋಗಾನಂದನಿಗೆ ಕೊಟ್ಟರು. "ಇಷ್ಟಿರ್ತಿತ್ತು."

"ಆಕ್ಷನ್!" ಅಂದಳು ವಂದನಾ.

ಯೋಗಾನಂದ ಕೈಯೆತ್ತಿದ. ಕಲ್ಲು ಬಿಸಿಯಾಗಿತ್ತು. ಎದುರಿಗೆ ಕುರ್ಚಿಯಲ್ಲಿ ದ್ರೌಪದಮ್ಮ ಕೂತಿದ್ದರು. ಕೈ ಇಳಿಸಿದ. ಮತ್ತೆ ಎತ್ತಿದ. ಎಸೆದ ಕಲ್ಲು ಮೂರು ಮಾರು ದೂರದಲ್ಲಿ ಹೂವಿನ ಹಾಗೆ ಬಿತ್ತು.

"ನಂಗೆ ಕೈ ಬರ್ತಾ ಇಲ್ಲಮ್ಮ," ಅಂದ. "ನೀವು ಅಲ್ಲಿ ಕೂತ್ಕೊಂಡು ನೋಡ್ತಾ ಇದ್ರೆ ಹೆಂಗೆ ಹೊಡೀಲಿ?"

ದ್ರೌಪದಮ್ಮನಿಗೆ ರೇಗಿಹೋಯಿತು. "ನಾನು ನೋಡ್ಬೇಕು ಅಂತಾನೇ ಬಂದಿರೋದು! ನಿಂಗ್ಯಾಕಪ್ಪ ಸಂಕೋಚ? ಹೊಡ್ದೋರ್ಗೇ ಇರ್ಲಿಲ್ಲ! ಹೊಡಿ! ಮೆತ್ತಗೆ ಹೊಡುದ್ರೆ, ಓ ಮೆತ್ತಗೇ ಹೊಡೀತಿದ್ರು ಅಂತಾರೆ ನೋಡೋರು. ಸರಿಯಾಗಿ ಹೊಡಿ!"

ವಾಸು ಹೋಗಿ ಕಲ್ಲನ್ನು ಎತ್ತಿ ತಂದು ಯೋಗಾನಂದನ ಕೈಗೆ ಮತ್ತೆ ಇಟ್ಟ. ಅಮ್ಮನ ಕುರ್ಚಿಯ ಹಿಂದೆ ಹೋಗಿ ನಿಂತ.

ಯೋಗಾನಂದ ಹೊಡೆದ.

ಕೊಡ ಬಿರಿದು ಎರಡಾಯಿತು. ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು, ಮಣ್ಣಿನಲ್ಲಿ ದಾರಿ ಮಾಡಿಕೊಂಡು, ಕುರ್ಚಿಯ ಕೆಳಗೆ ದ್ರೌಪದಮ್ಮನ ಪಾದದವರೆಗೂ ಬಂತು. ಅವರು ಕಾಲು ಎತ್ತಲಿಲ್ಲ.

"ಊಂ," ಅಂದರು. "ಇಂಗೇ."

ಸೆಟ್ಟಿನಲ್ಲಿ ಮೂವತ್ತು ನಲವತ್ತು ಜನ ಇದ್ದರು. ಕಟ್ ಹೇಳುವುದನ್ನು ವಂದನಾ ಮರೆತಿದ್ದಳು. ಆಮೇಲೆ ನೆನಪಾಗಿ ಹೇಳಿ, ಕಣ್ಣೊರೆಸಿಕೊಂಡು, ಕೆಲಸದ ಅಭ್ಯಾಸದಂತೆ ಕೂಗಿದಳು: "ತುಂಬ ಚೆನ್ನಾಗಿ ಬಂತು. ಸೇಫ್ಟಿಗೆ ಒನ್ ಮೋರ್!"

"ಅಂಗಂದ್ರೇನು?" ದ್ರೌಪದಮ್ಮ ಅದ್ನಾನನನ್ನು ಕೇಳಿದರು.

"ಇನ್ನೊಂದ್ಸಲ ತೆಗೀತಾರಮ್ಮ. ಇನ್ನೊಂದು ಕೊಡ ಇಟ್ಟು ಒಡೆಯೋದು."

ದ್ರೌಪದಮ್ಮ ಕುರ್ಚಿಯಿಂದ ಎದ್ದು, ಒದ್ದೆಯಾದ ಸೀರೆಯ ಅಂಚು ಹಿಂಡಿಕೊಂಡರು.

"ಇನ್ನೊಂದು ಎಲ್ಲಿಂದ ಬರ್ಬೇಕಪ್ಪ?" ಅಂದರು. "ನಮ್ ಮನೇಲಿ ಇದ್ದಿದ್ದು ಒಂದೇ ಕೊಡ."